ಹಾರದ ಜಮಖಾನಿ

ಹೋದ ಸೋಮವಾರ ಜೇವರ್ಗಿಯ ಕಿರಾಣಿ ಅಂಗಡಿಯೊಂದರಲ್ಲಿ ಕೊಬ್ಬರಿ ಎಣ್ಣೆಗಾಗಿ ನಿಂತಿದ್ದೆ. ನನ್ನ ಮುಂದಿದ್ದವನು ಅರದಾಳ ಕೇಳಿದ. ಆಟದವರು ಮುಖಕ್ಕೆ ಬಳಿದುಕೊಳ್ಳುವ ಹಳದಿ ಪುಡಿ ಅದು. ಅದಕ್ಕೆ ತನ್ನದೇ ಆದ ವಾಸನೆ ಅಷ್ಟೇನೂ ಇಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದಾಗ ಮಾತ್ರ ಒಂದು ಬಗೆಯ ಘಾಟು ಏಳುತ್ತದೆ. ಅವನು ಅಲ್ಲೇ ಅಂಗೈಯಲ್ಲಿ ಒಂದಿಷ್ಟು ಕಲಸಿ ಬಣ್ಣ ನೋಡಿದ. ಹಳೆಯದನ್ನು ನೆನಪಿಸುವ ಇಂಥ ಘಾಟಿಗೆ ಬೇರೆಯವರಿಗೆ ಕಣ್ಣು ತೇವವಾಗುತ್ತದಂತೆ. ನನಗೆ ಸಿಟ್ಟು ಬಂತು. ಎಣ್ಣೆ ತಗೊಳ್ಳದೆ ಮನೆಗೆ ಬಂದು ಟ್ರಂಕಿನ ತಳದಿಂದ ಆ ಚಳಿಗಾಲದ ವಹಿಗಳನ್ನು ತೆಗೆದೆ. ಮೂರು ವಹಿ: ಒಂದು ಆಳಂದದ್ದು, ಒಂದು ಮಣ್ಣೂರದ್ದು, ಒಂದು ಇಜೇರಿಯದ್ದು.

ನಾಲ್ಕು ವರ್ಷದ ಹಿಂದಿನ ಮಾತು. ನನಗೆ ಹತ್ತೊಂಬತ್ತು. ಲಡಾಯಿ ಇನ್ನೂ ನಡೆದಿತ್ತು. ಆಳಂದದ ಒಂದು ಕಚೇರಿಯಲ್ಲಿ ಉಮೇದವಾರನಾಗಿದ್ದೆ. ಅಂದರೆ ಪಗಾರವಿಲ್ಲದೆ ದಿನವಿಡೀ ಉರ್ದುವಿನಲ್ಲಿ ನಕಲು ಬರೆಯುವುದು, ಯಾವ ಕಾರಕೂನರು ಯಾವಾಗ ಕುರ್ಚಿ ಬಿಟ್ಟಾರು ಎಂದು ಕಾಯುವುದು. ಬರೆದಿಡುವ ಚಟ ಅಲ್ಲಿಂದಲೇ ಹತ್ತಿತು. ಎಷ್ಟು ನಕಲು ಬರೆದೆ, ಎಷ್ಟು ಸಲ ಬೈಸಿಕೊಂಡೆ, ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತು, ಎಲ್ಲವೂ ವಹಿಗೆ ಹೋಗುತ್ತಿತ್ತು. ಮೇಲೆ ಸರ್ಕಾರದ ಫಸಲಿ ತಿಂಗಳಿನ ತಾರೀಖು, ಕೆಳಗೆ ನಮ್ಮ ತಿಥಿ.

ಚಿಮಣಿ ಎಣ್ಣೆ ಆಗ ಕಾರ್ಡಿನ ಮೇಲೆ ಸಿಗುತ್ತಿತ್ತು. ಒಂದು ಮನೆಗೆ ಬರುವ ಎಣ್ಣೆ ಆ ಮನೆಯ ಅಡಿಗೆ ಮುಗಿಯುವುದರೊಳಗೆ ಆರುತ್ತಿತ್ತು. ಬೆಳತನಕ ದೀಪ ಹಚ್ಚಿ ಆಡುವ ದೊಡ್ಡಾಟ ಎರಡು ಚಳಿಗಾಲದಿಂದ ನಿಂತುಹೋಗಿತ್ತು. ನಮ್ಮ ಓಣಿಯ ಚನ್ನಬಸಪ್ಪ ಮಾಸ್ತರು ಮೂವತ್ತು ವರ್ಷ ಆಟ ಕಲಿಸಿದವರು. ಕೈಕಟ್ಟಿ ಕುಳಿತು ಕುಳಿತು ಬೇಸತ್ತು, ಹೊತ್ತಿರುವಾಗಲೇ ಆಟ ಆಡೋಣ ಎಂದರು. ಆದರೆ ಬಿಸಿಲಿನಲ್ಲಿ ರಾಜನ ಕಿರೀಟದ ಬೇಗಡೆ ಬೇಗಡೆಯಾಗಿಯೇ ಕಾಣುತ್ತಿತ್ತು. ಓಣಿಯ ಹುಡುಗರು ನಕ್ಕರು. ಮಾಸ್ತರು ನೊಂದುಕೊಂಡರು. ಆ ನಗುವಿನಿಂದಲೇ ನನಗೆ ವಿಚಾರ ಹೊಳೆಯಿತು.

ಆ ವರ್ಷ ನಮ್ಮವರೆಲ್ಲ ಮೋಟಾರು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಒಂದು ಜಾದೂ ಬೋಲಪಟ, ಅಂದರೆ ಮಾತಾಡುವ ಸಿನಿಮಾ, ನೋಡಿ ಬರುತ್ತಿದ್ದರು. ಅದರಲ್ಲಿ ಒಬ್ಬ ಶಹಜಾದೆ ಜಮಖಾನಿಯ ಮೇಲೆ ಕುಳಿತು ಮೋಡದಲ್ಲಿ ಹಾರುತ್ತಾನೆ, ಗೋಪುರದಲ್ಲಿ ಸೆರೆಯಾದ ಶಹಜಾದಿಯನ್ನು ಬಿಡಿಸುತ್ತಾನೆ. ನಾನೂ ಮೂರು ಸಲ ನೋಡಿದೆ. ಅದನ್ನೇ ಕೀಟಲೆ ಮಾಡಿ ಒಂದು ಹಾಸ್ಯದ ಆಟ ಬರೆದರೆ ಹೇಗೆ? ನಮ್ಮ ಜಮಖಾನಿ ಹಾರುವುದಿಲ್ಲ. ಶಹಜಾದೆ ಎಷ್ಟು ಮಂತ್ರ ಹೇಳಿದರೂ ಏಳುವುದಿಲ್ಲ. ಕೊನೆಗೆ ನಾಲ್ವರು ರೈತರು ಬಂದು, "ಹುಜೂರ, ಇದರ ಗಾಳಿ ಹೋಗ್ಯದ್ರಿ" ಎಂದು ಹೆಗಲ ಮೇಲೆ ಹೊತ್ತು ಹಾರಿಸುತ್ತಾರೆ. ಮೇಲೆ ಕುಳಿತವನು "ಮೋಡ ಬಂತು, ಬಗ್ಗಿ ನಡೀರಿ" ಎನ್ನುತ್ತಾನೆ, ಹೊತ್ತವರು "ಬುತ್ತಿ ಎಲ್ಲಿ ಇಟ್ಟೀರಿ?" ಎನ್ನುತ್ತಾರೆ. ಗೋಪುರ ಎಂದು ನಿಲ್ಲಿಸಿದ ಏಣಿಯ ಹತ್ತಿರ ಬಂದು, ಶಹಜಾದಿಯನ್ನು ಕಂಡು ಮೈಮರೆತು, ಗಾಳಿಯಲ್ಲಿ ಕಾಲಿಟ್ಟು ಧೊಪ್ಪನೆ ಬೀಳುತ್ತಾನೆ. ಅವನು ಬಿದ್ದ ಕೂಡಲೇ ಹೊತ್ತವರು ಜಮಖಾನಿ ಇಳಿಸಿ ಓಡಿಹೋಗಬೇಕು. ಬಿಸಿಲಿನಲ್ಲಿ ಎಲ್ಲ ಕಾಣುವುದೇ ಇಲ್ಲಿ ತಮಾಷೆ. ಮಾಸ್ತರು ಎರಡು ದಿನ ಯೋಚಿಸಿ ಒಪ್ಪಿದರು.

ಶಹಜಾದೆಯಾಗಿ ಶರಣಪ್ಪನನ್ನು ನಿಲ್ಲಿಸಿದೆವು. ಎರಡು ಎತ್ತಿನ ಒಕ್ಕಲುತನದ ಗಟ್ಟಿ ಆಳು, ರಾಕ್ಷಸನ ಪಾತ್ರಕ್ಕೆ ಹೆಸರಾದವನು. ಆರು ತಾಲೀಮು ಆದವು. ಅವನು ಬಿದ್ದರೆ ಚೀಲ ಬಿದ್ದಂತಾಗುತ್ತಿತ್ತು, ಯಾರಿಗೂ ನಗು ಬರುತ್ತಿರಲಿಲ್ಲ. ಏಳನೆಯ ತಾಲೀಮಿನಲ್ಲಿ ಆಟಕ್ಕೆ ಕಟ್ಟಿದ ಅಟ್ಟದ ಕೆಳಗಿನಿಂದ ಒಂದು ದನಿ ಬಂತು:

"ಹಂಗ ಬೀಳಬಾರದ್ರಿ. ಮೊದಲ ಕಾಲು ಗಾಳ್ಯಾಗ ನೆಲ ಹುಡಕಬೇಕ್ರಿ. ಸಿಗಲಿಲ್ಲಂತ ಗೊತ್ತಾದ ಮ್ಯಾಲ ಬೀಳಬೇಕು."

ಹಲಗಿ ಬಾರಿಸುವ ಭೀಮಶಾ. ಊರ ಹೊರಗಿನ ಕೇರಿಯವನು. ಸೊಲ್ಲಾಪುರದ ಮಿಲ್ಲಿನಲ್ಲಿ ಐದು ವರ್ಷ ದುಡಿದು, ತಾಯಿಗೆ ಜಡ್ಡೆಂದು ಊರಿಗೆ ಬಂದಿದ್ದ. ಆ ಬೋಲಪಟವನ್ನು ಒಂಬತ್ತು ಸಲ ನೋಡಿದ್ದನಂತೆ. ಹಲಗಿಯವರು ಅಟ್ಟದ ಎಡಕ್ಕೆ, ಕೆಳಗೆ ನೆಲದ ಮೇಲೆ ನಿಲ್ಲಬೇಕು. ಅವನ ಅಪ್ಪ ಅಲ್ಲೇ ನಿಂತಿದ್ದ, ಅವನ ಕಾಕಾ ಈಗಲೂ ಅಲ್ಲೇ ನಿಂತಿದ್ದ. ಭೀಮಶಾ ನಿಂತಲ್ಲಿಂದಲೇ ಒಂದು ಕಾಲೆತ್ತಿ, ನೆಲ ಹುಡುಕಿ, ಸಿಗದೆ, ನಮ್ಮೆಲ್ಲರ ಕಡೆ ಒಮ್ಮೆ ನೋಡಿ ಬಿದ್ದ. ಶರಣಪ್ಪನೇ ಎಲ್ಲರಿಗಿಂತ ಮೊದಲು ನಕ್ಕ, ಕಂಬ ಹಿಡಿದು ನಕ್ಕ.

ಮಾಸ್ತರು ಕಣ್ಣೊರೆಸಿಕೊಂಡು, "ಲೇ ಭೀಮ್ಯಾ, ಮ್ಯಾಲ ಬಾರಲೇ, ಇಲ್ಲಿ ಮಾಡಿ ತೋರಸು" ಎಂದರು.

ಅವನು ಒಂದು ಗಳಿಗೆ ತಡೆದು ಅಟ್ಟ ಹತ್ತಿದ. ಫಸಲಿಯ ದೈ ತಿಂಗಳ ಎಂಟನೆಯ ತಾರೀಖು, ಸಂಜೆ ಐದರ ಸುಮಾರು ಎಂದು ವಹಿಯಲ್ಲಿದೆ. ಅದರ ಮುಂದೆ ನಾನು ಬರೆದುಕೊಂಡದ್ದು "ಶಹಜಾದೆ ಸಿಕ್ಕ" ಎಂದು ಮಾತ್ರ. ಜಮಖಾನಿ ಹೊರುವ ನಾಲ್ವರಲ್ಲಿ ಶರಣಪ್ಪನೇ ಮುಂದಾಳಾದ. "ನಗಿಚಾಟದಾಗ ಎಂಥ ಮಡಿ? ಹೊರ್ತೇವಿ ತಗೋ. ಮಗಾ ಹಗುರ ಅದಾನ" ಎಂದ. ಹೊರಲಿಕ್ಕೆ ಜಮಖಾನಿಯ ಕೆಳಗೆ ಬಿದಿರಿನ ಏಣಿ ಕಟ್ಟಿದೆವು. ಭೀಮಶಾನ ಹಲಗಿಯನ್ನು ಅವನ ಕಾಕಾ ತಗೊಂಡ.

ಆಳಂದದ ಆಟ ಆ ತಿಂಗಳ ಕೊನೆಗೆ ಆಯಿತು. ನಾನು ಪಕ್ಕದಲ್ಲಿ ವಹಿ ಹಿಡಿದು ಕುಳಿತೆ. ಮುಗುಳ್ನಗೆಗೆ ಚುಕ್ಕೆ, ದನಿ ಬಂದ ನಗುವಿಗೆ ಗೀಟು, ಹೊಟ್ಟೆ ಹಿಡಿದುಕೊಂಡದ್ದಕ್ಕೆ ಕಾಟು, ಅಂದರೆ ಅಡ್ಡಗೀಟು. ಒಟ್ಟು ನಲವತ್ತಾರು ಗೀಟು, ಹನ್ನೆರಡು ಕಾಟು. ಅದರಲ್ಲಿ ಒಂಬತ್ತು ಕಾಟು ಜಮಖಾನಿಯ ಪ್ರಸಂಗದ್ದೇ. ಭೀಮಶಾ ಗಾಳಿಯಲ್ಲಿ ನೆಲ ಹುಡುಕಿದಾಗ ಒಬ್ಬ ಮುದುಕರು ಉಸಿರು ಸಿಕ್ಕಿಕೊಂಡು ನೀರು ಕುಡಿಯಬೇಕಾಯಿತು. ಆಟದ ಮೊದಲು ನಾನು ಅರವತ್ತು ಮಂದಿಯನ್ನು ಕೇಳಿದ್ದೆ. ಮೂವತ್ತೊಂದು ಮಂದಿ ಬೋಲಪಟ ನೋಡಿದವರು, ಉಳಿದವರು ಕಥೆ ಕೇಳಿದವರು. ಈ ಅಂಕಿಯನ್ನು ಬರೆದುಕೊಂಡೆ, ಅದು ಏನು ಹೇಳುತ್ತಿದೆ ಎಂದು ಮಾತ್ರ ನೋಡಲಿಲ್ಲ. ಉಬ್ಬಿಹೋಗಿದ್ದೆ.

ಮಣ್ಣೂರಿನಿಂದ ಕರೆ ಬಂತು. ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕನೆಯ ದಿನ ಎರಡು ಬಂಡಿ ಕಟ್ಟಿ ಹೊರಟೆವು. ಬಿಳಿಜೋಳ ಹಾಲುಗಟ್ಟಿತ್ತು. ಅಫಜಲಪುರದ ಆಚೆ ಹೊಲದವರು ಬಂಡಿ ನಿಲ್ಲಿಸಿ ಎಳೆ ತೆನೆ ಸುಟ್ಟು ಸೀತನಿ ಮಾಡಿಕೊಟ್ಟರು. ಚಳಿ ಎಷ್ಟಿತ್ತೆಂದರೆ ಬೆಳಿಗ್ಗೆ ಪೆನ್ಸಿಲು ಹಿಡಿಯುವ ಬೆರಳು ಮಡಚುತ್ತಿರಲಿಲ್ಲ. ಹಾದಿಯ ಆ ಎರಡು ದಿನದ ಅಕ್ಷರ ಈಗ ನನಗೇ ಓದಲು ಬಾರದು. ಭೀಮಶಾ ಬಂಡಿಯ ಹಿಂದೆ ನಡೆಯುತ್ತ ಬಂದ. ಬಂಡಿ ಹತ್ತು ಎಂದು ನಾನು ಒಮ್ಮೆ ಅಂದೆ. "ಇರಲಿ ಬಿಡ್ರಿ ಸಣ್ಣ ಸಾವಕಾರ್ರ, ಶಹಜಾದೆ ಹಾರತಾನ, ಬಂಡಿ ಹತ್ತಂಗಿಲ್ಲ" ಎಂದ. ಶರಣಪ್ಪ ಜೋರಾಗಿ ನಕ್ಕ.

ಮಣ್ಣೂರಿನಲ್ಲಿ ಐವತ್ತು ಮಂದಿಯನ್ನು ಕೇಳಿದೆ. ಬೋಲಪಟ ನೋಡಿದವನು ಒಬ್ಬ. ಅವನೂ ಅರ್ಧಕ್ಕೆ ನಿದ್ದೆ ಹೋಗಿದ್ದನಂತೆ.

ಭೀಮೆಯ ದಂಡೆಯ ಬಯಲಿನಲ್ಲಿ ಅಟ್ಟ. ಹೊತ್ತು ಮುಳುಗಲು ಒಂದೂವರೆ ತಾಸು ಇತ್ತು. ಶಹಜಾದೆ ಮಂತ್ರ ಹೇಳುವಾಗ ನಾಲ್ಕೈದು ಚುಕ್ಕೆ ಬಿದ್ದವು. ಆಮೇಲೆ ಕಾಕಾ ಹಲಗಿ ಬಾರಿಸಿದ. ನಾಲ್ವರು ಜಮಖಾನಿ ಹೆಗಲಿಗೆ ಏರಿಸಿ ಅಟ್ಟದ ಸುತ್ತ ನಡೆಯತೊಡಗಿದರು. ಮಂದಿ ಎದ್ದು ನಿಂತರು. ಇಡೀ ಬಯಲೇ ಎದ್ದಿತು. ರುಮಾಲು ತೆಗೆದವರು ತೆಗೆದರು, ಕೈಮುಗಿದವರು ಮುಗಿದರು. ಇಬ್ಬರು ಹೆಂಗಸರು ಕೊಡ ಹಿಡಿದು ಓಡಿ ಬಂದು ಹೊತ್ತವರ ಕಾಲಿಗೆ ನೀರು ಹಾಕಿದರು. ನಮ್ಮ ಕಡೆ ಅದೇ ರೂಢಿ. ಹಲಗಿ ಮುಂದೆ ನಡೆದು, ನಾಲ್ಕು ಹೆಗಲ ಮೇಲೆ ಯಾರಾದರೂ ಬಂದರೆ ಅದು ಪಲ್ಲಕ್ಕಿ. ಒಳಗಿದ್ದವರು ದೇವರು ಇಲ್ಲವೆ ಸ್ವಾಮಿಗಳು. ಬೋಲಪಟದ ಜಮಖಾನಿ ಅವರ ಕಣ್ಣಲ್ಲಿ ಇರಲೇ ಇಲ್ಲ. ಕಣ್ಣಲ್ಲಿದ್ದದ್ದು ಪಲ್ಲಕ್ಕಿ, ಅದನ್ನೇ ಕಂಡರು.

"ಮೋಡ ಬಂತು, ಬಗ್ಗಿ ನಡೀರಿ" ಎಂದ ಭೀಮಶಾ. ಮುಂದಿನ ಸಾಲಿನ ಮಂದಿ ಬಗ್ಗಿದರು.

ಗೋಪುರದ ಏಣಿಯ ಹತ್ತಿರ ಬಂದು ಅವನು ಬಿದ್ದ. ಬಹಳ ಚೆನ್ನಾಗಿ ಬಿದ್ದ. "ಅಯ್ಯಯ್ಯೋ!" ಎಂದು ಬಯಲೆಲ್ಲ ಕೂಗಿತು. ಒಬ್ಬ ಅಜ್ಜಿ ಓಡಿಬಂದು ಅವನ ಮೊಣಕಾಲಿನ ಮಣ್ಣು ಒರೆಸಿ, ಶರಣಪ್ಪನ ಕಡೆ ತಿರುಗಿ, "ಹೊರಾಕ ಬರ್ದಿದ್ರ ಯಾಕ ಹೊರ್ತೀಯೋ ಮೂಳಾ? ಎಂಥವರನ್ನ ಕೆಡವಿದಿ!" ಎಂದು ಬೈದಳು. ಭೀಮಶಾನ ಕೈಯಲ್ಲಿ ಒಂದು ಉತ್ತತ್ತಿ ಇಟ್ಟು ನೆಲಕ್ಕೆ ಹಣೆ ಹಚ್ಚಿದಳು. ಅವನು ಮಾಸ್ತರರ ಕಡೆ ನೋಡಿದ. ಮಾಸ್ತರು ನನ್ನ ಕಡೆ ನೋಡಿದರು. ನಾನು ವಹಿ ನೋಡಿದೆ. ಜಮಖಾನಿ ಹೆಗಲೇರಿದ ಮೇಲೆ: ಚುಕ್ಕೆ ಇಲ್ಲ, ಗೀಟು ಇಲ್ಲ, ಕಾಟು ಇಲ್ಲ.

ಆಟ ಮುಗಿದ ಮೇಲೆ ಶರಣಪ್ಪ ಒದ್ದೆ ಕಾಲು ಒರೆಸಿಕೊಳ್ಳುತ್ತ ಮಾಸ್ತರರ ಮುಂದೆ ಕುಳಿತ. ಉಳಿದ ಮೂವರೂ ಅವನ ಹಿಂದೆ.

"ಮಾಸ್ತರ್ರ, ನಾಳಿಂದ ನಾವು ಹೊರಂಗಿಲ್ರಿ."

"ಯಾಕೋ?"

"ನಗತಾರಂತ ಹೊತ್ತೆವ್ರಿ. ಕೈ ಮುಗದ್ರ ಹೆಂಗ ಹೊರಾದು? ನನ್ನ ಹೆಗಲ ಮ್ಯಾಲ ಕುಂತಾಂವ ಯಾರಂತ ಆ ಮುದುಕಿಗೆ ಗೊತ್ತಿಲ್ಲ. ನನಗ ಗೊತ್ತದ."

ಭೀಮಶಾ ಹತ್ತು ಮಾರು ದೂರದಲ್ಲಿ ಹಲಗಿಯನ್ನು ಬೆಂಕಿಗೆ ಹಿಡಿದು ಕಾಸುತ್ತಿದ್ದ. ಕೇಳಿಸಿರಲೇಬೇಕು. ಮಾಸ್ತರು ಮೆತ್ತಗಿನ ಮನುಷ್ಯ. ಈ ಕಡೆ ಎಳೆದರೆ ಈ ಕಡೆ, ಆ ಕಡೆ ಎಳೆದರೆ ಆ ಕಡೆ. ನಾನು ಎಳೆದೆ. "ಇದು ಬರವಣಿಗಿ ತಪ್ಪು, ಅವನದಲ್ಲ. ಇನ್ನೊಂದು ಊರು ಕೊಡ್ರಿ" ಎಂದು ಜಗಳಾಡಿದೆ. ಕೊನೆಗೆ ಮಾತು ಹೀಗೆ ನಿಂತಿತು: ಮುಂದಿನ ಊರು ಇಜೇರಿಯಲ್ಲಿ ಜಮಖಾನಿ ನೋಡಿ ಮಂದಿ ನಕ್ಕರೆ ಭೀಮಶಾ ಶಹಜಾದೆಯಾಗಿ ಉಳಿಯುತ್ತಾನೆ. ಕೈಮುಗಿದರೆ ಹಲಗಿ ತಗೊಂಡು ಕೆಳಗೆ ಇಳಿಯುತ್ತಾನೆ, ಶರಣಪ್ಪ ಜಮಖಾನಿ ಏರುತ್ತಾನೆ.

ಇಪ್ಪತ್ತಾರು ದಿನ ನನಗೆ ಬೇರೆ ಧ್ಯಾನವಿರಲಿಲ್ಲ. ಕಚೇರಿಯಲ್ಲಿ ನಕಲು ತಪ್ಪಿ ನಾಲ್ಕು ಸಲ ಬೈಸಿಕೊಂಡೆ. ತಿಳಿಯದವರನ್ನು ನಗಿಸುವುದು ಹೇಗೆ? ಅಸಲು ಗೊತ್ತಿಲ್ಲದವರಿಗೆ ಅದರ ಕೀಟಲೆ ಹೇಗೆ ತೋರಿಸುವುದು? ಒಂದು ಉಪಾಯ ಮಾಡಿದೆ: ಆಟದ ಮೊದಲು ನಾನೇ ನಿಂತು ಬೋಲಪಟದ ಕಥೆಯನ್ನು ಪೂರ್ತಿ ಹೇಳುವುದು. ಇನ್ನೊಂದು: ಬೀಳುವುದನ್ನು ಹೆಚ್ಚಿಸುವುದು. ಯಾವ ದೇವರೂ ಐದು ಸಲ ಬೀಳುವುದಿಲ್ಲ. ಬೀಳುವ ಐದು ಜಾಗಕ್ಕೆ ಐದು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಮೊದಲ ನಾಲ್ಕು ಸಲ ಬಿದ್ದಾಗ ಎತ್ತಿ ಮತ್ತೆ ಕೂರಿಸುವುದು. ಐದನೆಯ ಸಲ ಜಮಖಾನಿ ಇಳಿಸಿ ಓಡುವುದು. ಭೀಮಶಾ ಕಣಿಕೆಯ ರಾಶಿಯ ಮೇಲೆ ಬಿದ್ದು ಬಿದ್ದು ಕಲಿತ. ಎರಡೂ ಮೊಣಕೈ ತರಚಿದವು. ನಾನು ಅರಿಷಿಣ ತಂದುಕೊಟ್ಟೆ, ಮತ್ತೆ ಬೀಳಿಸಿದೆ.

"ಐದರಾಗ ಸಾಕಾಗ್ತದೇನ್ರಿ?" ಎಂದು ಒಂದು ದಿನ ಕೇಳಿದ.

"ಸಾಕಾಗದಿದ್ರ ಏಳು ಮಾಡೋಣು" ಎಂದೆ. ನಿಜವಾಗಿಯೂ ಏಳಕ್ಕೆ ಜಾಗ ನೋಡಿಟ್ಟಿದ್ದೆ.

ಫರವರ್ದಿ ತಿಂಗಳ ಮೊದಲ ವಾರ. ಭೀಮೆ ತಗ್ಗಿತ್ತು; ಹರಿಗೋಲಿನಲ್ಲಿ ಸಾಮಾನು ದಾಟಿಸಿ ಇಜೇರಿಯ ಹಾದಿ ಹಿಡಿದೆವು. ಜೋಳ ಕೊಯ್ದು ಕಣಕ್ಕೆ ಬಂದಿತ್ತು, ಊರ ತುಂಬ ಹೊಟ್ಟಿನ ಧೂಳು. ದೊಡ್ಡ ಊರು, ಮುನ್ನೂರಕ್ಕೆ ಕಡಿಮೆಯಿಲ್ಲದ ಮಂದಿ ಕಣದಲ್ಲಿ ಕುಳಿತರು. ನಾನು ನಿಂತು ಬೋಲಪಟದ ಕಥೆ ಹೇಳಿದೆ. ಹನ್ನೆರಡು ನಿಮಿಷ ಎಂದುಕೊಂಡದ್ದು ಮೂವತ್ತೈದಾಯಿತು, ಏಕೆಂದರೆ ಅವರು ಬಿಡಲಿಲ್ಲ. "ಗೋಪುರದಾಗ ಆಕಿಗೆ ಊಟ ಯಾರು ಕೊಡ್ತಿದ್ರು?" "ಜಮಖಾನಿ ಮಳ್ಯಾಗ ತೊಯ್ದ್ರ ಹಾರ್ತದೇನ್ರಿ?" ಇದು ಸುಳ್ಳು, ಚಿತ್ರದಲ್ಲಿ ತಂತಿ ಕಟ್ಟಿರುತ್ತಾರೆ, ನಾವು ಅದನ್ನು ಹಾಸ್ಯ ಮಾಡುತ್ತಿದ್ದೇವೆ ಎಂದು ಮೂರು ಸಲ ಹೇಳಿದೆ. ಒಬ್ಬ ಹಿರಿಯರು ಎದ್ದು, "ಸುಳ್ಳ ಅನಬ್ಯಾಡ್ರಿ ತಮ್ಮಾ, ಹಿಂದಕ ಇದ್ದಿರಬೇಕು" ಎಂದರು. ಎಲ್ಲರೂ ಹೌದೌದು ಎಂದರು. ಬೇರೆ ಯಾರೂ ಕೆಡಿಸದಷ್ಟು ಚೆನ್ನಾಗಿ ನನ್ನ ಆಟವನ್ನು ನಾನೇ ಕೆಡಿಸಿದ್ದೆ. ಈಗ ಅವರಿಗೆ ಶಹಜಾದೆ ಯಾರೆಂದೂ ಗೊತ್ತಿತ್ತು, ಅವನ ಮೇಲೆ ಕನಿಕರವೂ ಬಂದಿತ್ತು.

ಹಲಗಿಗೆ ಪೆಟ್ಟು ಬಿತ್ತು. ಜಮಖಾನಿ ಎದ್ದಿತು. ಕಣವೆಲ್ಲ ಎದ್ದು ನಿಂತಿತು.

ನಾನು ಮೊದಲ ಕೆಂಪು ಬಟ್ಟೆಯ ಹತ್ತಿರ ಉಸಿರು ಹಿಡಿದು ಕುಳಿತಿದ್ದೆ. ಬೀಳಲಿ, ಈ ಸಲ ಹೇಗಾದರೂ ನಗುತ್ತಾರೆ ಎಂದು. ಭೀಮಶಾ ಗೂಟ ನೋಡಿದ. ಕಾಲು ಮಡಚಿಕೊಂಡು ಬೆನ್ನು ನೆಟ್ಟಗೆ ಮಾಡಿದ. ಬೀಳಲಿಲ್ಲ. ಎರಡನೆಯದು ಬಂತು, ಬೀಳಲಿಲ್ಲ. ಮರೆತನೆಂದು ನಾನು ಕೈಸನ್ನೆ ಮಾಡಿದೆ. ಐದನೆಯದೂ ದಾಟಿತು. ಅವನು ಬೀಳದೆ ಜಮಖಾನಿ ಇಳಿಸುವಂತಿಲ್ಲ. ಹಾಗೆಂದು ಬರೆದವನು ನಾನೇ. ಅಷ್ಟು ಮಂದಿ ಕೈಮುಗಿದು ನಿಂತಿರುವಾಗ ನಡುವೆ ಕೆಳಗೆ ಹಾಕಿ ಹೋಗುವ ಧೈರ್ಯ ಶರಣಪ್ಪನಿಗೂ ಇರಲಿಲ್ಲ. ಎರಡನೆಯ ಸುತ್ತು ಹೊರಟಿತು.

ಅವರು ನನ್ನ ಮುಂದೆ ಹಾದಾಗ ಶರಣಪ್ಪ ತುಟಿ ಅಲ್ಲಾಡಿಸದೆ ಅನ್ನುತ್ತಿದ್ದ: "ಬೀಳಲೇ. ಬೀಳೋ ಮಾರಾಯಾ, ಬೀಳು."

ಮೂರನೆಯ ಸುತ್ತು. ಹೆಂಗಸರು ನೀರು ತಂದರು, ನಾಲ್ವರ ಕಾಲೂ ಕೆಸರಾದವು. ನಾಲ್ಕು. "ನಿಂದರಸ್ರಿ ಕಾಕಾ" ಎಂದು ನಾನು ಹಲಗಿಯವನಿಗೆ ಕೂಗಿದೆ. ಅವನು ಕೇಳಿಸದವನಂತೆ ಇನ್ನೂ ಬಿರುಸಾಗಿ ಬಾರಿಸಿದ. ಹಲಗಿ ನಡೆದಷ್ಟೂ ಹೊತ್ತವರ ಕಾಲು ನಡೆಯಬೇಕು. ಐದು, ಆರು. ಶರಣಪ್ಪನ ಮುಖ ಅಗಸೀ ಬಾಗಿಲಿನ ಕಲ್ಲಿನಂತಾಗಿತ್ತು. ಅದಕ್ಕಿಂತ ದೊಡ್ಡ ಹಾಸ್ಯ ನಾನು ಬರೆದಿಲ್ಲ, ಬೋಲಪಟದಲ್ಲೂ ನೋಡಿಲ್ಲ. ಆದರೆ ಇಡೀ ಕಣದಲ್ಲಿ ನಗುವವರು ಒಬ್ಬರೂ ಇರಲಿಲ್ಲ. ನನಗೂ ನಗು ಬರಲಿಲ್ಲ. ಹಲ್ಲು ಕಡಿಯುತ್ತ ಕುಳಿತಿದ್ದೆ. ಏಳನೆಯ ಸುತ್ತು ಮುಗಿದಾಗ ಭೀಮಶಾನೇ "ಇಳಸ್ರಿ" ಎಂದ. ಮುನ್ನೂರು ಮಂದಿ ನೋಡುತ್ತಿದ್ದರಿಂದ ಬಹಳ ಮೆತ್ತಗೆ ಇಳಿಸಿದರು.

ಮಾಸ್ತರು "ಮಾತು ಮಾತೇ ಭೀಮ್ಯಾ" ಎಂದರು. ಅವನು ಹೌದ್ರಿ ಎಂದು ಶಹಜಾದೆಯ ರುಮಾಲು ಬಿಚ್ಚಿ ಮಡಚಿ ಕೊಟ್ಟ. ಶರಣಪ್ಪ ಅವನ ಕಡೆ ನೋಡದೆ ಬಂಡಿಯ ಹತ್ತಿರ ಹೋದ. ಶಹಜಾದೆಯಾಗಿ ಮುಂದೆ ಆಡಿದ್ದು ಅವನೇ, ಎರಡು ಊರುಗಳಲ್ಲಿ. ಎರಡೂ ಕಡೆ ಯಾರೂ ನಗಲಿಲ್ಲ, ಮಾಸ್ತರು ಆಟ ಕೈಬಿಟ್ಟರು. ಅಂದಿನಿಂದ ಇಂದಿನವರೆಗೆ ಆ ಬರವಣಿಗೆಯನ್ನು ಒಂಬತ್ತು ಸಲ ತಿದ್ದಿದ್ದೇನೆ, ಎಲ್ಲೂ ಸರಿಹೊಂದುತ್ತಿಲ್ಲ.

ಅಂದು ಹೊತ್ತು ಇನ್ನೂ ಇತ್ತು. ಭೀಮಶಾ ಕಣದ ಅಂಚಿನಲ್ಲಿ ಅರದಾಳ ತೊಳೆದುಕೊಳ್ಳುತ್ತಿದ್ದ. ಮರುದಿನ ಜೇವರ್ಗಿಯ ಮೇಲೆ ಹಾದು ಮತ್ತೆ ಸೊಲ್ಲಾಪುರದ ಮಿಲ್ಲಿಗೆ ಹೋಗುವುದು ಅವನ ತಲೆಯಲ್ಲಿ ಆಗಲೇ ಗಟ್ಟಿಯಾಗಿತ್ತೆಂದು ಆಮೇಲೆ ತಿಳಿಯಿತು. ನಾನು ಹೋಗಿ ನಿಂತು ಕೂಗಾಡಿದೆ.

"ಒಮ್ಮೆ ಬಿದ್ದಿದ್ರ ಸಾಕಿತ್ತು! ಒಮ್ಮೆ! ಇಪ್ಪತ್ತಾರು ದಿವಸ ಬರದೇನಿ ನಾ. ಯಾರ ಸಲುವಾಗಿ? ನಿನ್ನ ಜಾಗಾ ಉಳೀಲಂತ!"

ಅವನು ಕಿವಿಯ ಹಿಂದಿನ ಹಳದಿ ತಿಕ್ಕುತ್ತ ಅಂದ: "ನಕ್ಕಿದ್ರ ಏನಾಗ್ತಿತ್ರಿ? ಮುಂದಿನೂರಾಗ ಮತ್ತ ಐದು ಸಲ. ಅದರ ಮುಂದಿನೂರಾಗ ನೀವು ಏಳು ಮಾಡ್ತಿದ್ರಿ."

"ಮತ್ತೇನ ಬೇಕಾಗಿತ್ತು ನಿನಗ?"

"ಬೀಳೂದು ನನಗ ಬರ್ತದ. ಕುಂಡ್ರೂದು ಬರ್ತದೋ ಇಲ್ಲೋ ನೋಡಬೇಕಾಗಿತ್ರಿ." ಮುಖದ ನೀರು ಒರೆಸಿಕೊಂಡು ನನ್ನ ಕೈಯಲ್ಲಿದ್ದ ವಹಿಯ ಕಡೆ ನೋಡಿದ. "ಎಷ್ಟ ಸುತ್ತಾತ್ರಿ? ಮ್ಯಾಲ ಕುಂತಾಗ ಲೆಕ್ಕ ತಪ್ಪಿತು."

"ಏಳು."

"ಬರಕೋರಿ."

ನನ್ನ ವಹಿಯಲ್ಲಿ ಸುತ್ತಿಗೆ ಅಂಕಣವೇ ಇರಲಿಲ್ಲ. ಅಂಚಿನಲ್ಲಿ ಬರೆದೆ. ಎಷ್ಟು ಸಿಟ್ಟಿನಿಂದ ಬರೆದೆನೆಂದರೆ ಪೆನ್ಸಿಲಿನ ಮೊನೆ ಹಾಳೆಯನ್ನು ಹರಿದು ಕೆಳಗಿನ ಪುಟಕ್ಕೂ ಹೋಗಿದೆ. ಅಲ್ಲಿಯೂ ಏಳೇ ಇದೆ.